ಕೆಲಸದ ಸ್ಥಳ

ವಕೀಲರು ಕೇಳಿದರು, "ಸೂಜಿ ಚುಚ್ಚಿದ್ದು ಎಲ್ಲಿ?"
ಹೆಬ್ಬೆಟ್ಟಿಗೆ, ಅಂದೆ.
"ಅದಲ್ಲೋ ತಮ್ಮಾ, ಯಾವ ಜಾಗದಾಗ?"
ಕೌಲ್ ಬಜಾರಿನ ಹಿಂದೆ, ಹಜರತ್‌ಬಿಯ ಮನೆಯಲ್ಲಿ,
ರಾತ್ರಿ ಹನ್ನೊಂದಕ್ಕೆ.
"ಮನಿ ಅನಬ್ಯಾಡ.
ಮನಿ ಅಂದ್ರ ಒಂದು ಕಾನೂನು, ಕಾರ್ಖಾನಿ ಅಂದ್ರ ಇನ್ನೊಂದು.
ಮೊದಲು ಅದು ಏನು ಅಂತ ನೋಡಿಕೊಂಡು ಬಾ."

ಹದಿನೇಳು ಮನೆಗೆ ಹದಿನೇಳು ಮಿಷಿನ್ ಕೊಟ್ಟವನು ನಾನು.
ಕತ್ತರಿಸಿದ ಜೀನ್ಸ್ ತುಂಡು ಬೆಳಿಗ್ಗೆ ಟಂಟಂನಲ್ಲಿ ಹೋಗುತ್ತದೆ,
ಮರುದಿನ ಸಂಜೆ ಪ್ಯಾಂಟಾಗಿ ಬರುತ್ತದೆ.
ನಡುವಿನದು ನನಗೆ ಕಾಣುತ್ತಿರಲಿಲ್ಲ.
ಕಾಣದ್ದಕ್ಕೆ ಬಾಡಿಗೆ ಇಲ್ಲ, ಫ್ಯಾನು ಇಲ್ಲ,
ಬಾಗಿಲಿಗೆ ಬಂದು ಕೆಮ್ಮುವ ಇನ್‌ಸ್ಪೆಕ್ಟರ್ ಇಲ್ಲ.
ಅಷ್ಟನ್ನೂ ಲಾಭವೆಂದೇ ಬರೆದುಕೊಂಡಿದ್ದೆ.

ಟೇಪು ಹಿಡಿದು ಹೋದೆ.
ನೀರಿನ ಡ್ರಮ್ಮಿಗೂ ಗ್ಯಾಸಿನ ಒಲೆಗೂ ನಡುವೆ ಮಿಷಿನ್ನು.
ಉದ್ದ ನಾಲ್ಕಡಿ. ಅಗಲ ಮೂರು.
ಇಷ್ಟು ನನ್ನ ಹೊಣೆ, ಆಚೆಯದು ಅವರ ಸಂಸಾರ,
ಎಂದುಕೊಳ್ಳುವಷ್ಟರಲ್ಲಿ
ಹೊಲಿಯದ ಜೇಬುಗಳ ಗಂಟಿನ ಮೇಲೆ
ಒಂದು ಕೂಸು ಮಲಗಿದ್ದು ಕಂಡಿತು,
ತಲೆ ಮೂರಡಿಯ ಒಳಗೆ, ಕಾಲು ಹೊರಗೆ.
ಟೇಪು ಸುತ್ತಿಕೊಂಡೆ.

ಕರಾರು ನಾಲ್ಕು ಪುಟ.
ಹತ್ತನೇ ಇಯತ್ತೆಯ ಮಗಳು ತಸ್ಲೀಮಾ ನಿಂತುಕೊಂಡೇ ಓದಿದಳು,
ಶಾಲೆಯ ಪದ್ಯದ ಧಾಟಿಯಲ್ಲಿ.
ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮಾತ್ರ ಕೆಲಸ ಮಾಡತಕ್ಕದ್ದು.
"ನಳ ಬಂದ ದಿನಾನೂ?"
ಸೂಜಿಗೆ ಕವಚ ಇರತಕ್ಕದ್ದು.
"ಕೊಡ್ರಿ ಮತ್ತ."
ಗಾಯವಾದಲ್ಲಿ ಇಪ್ಪತ್ನಾಲ್ಕು ಗಂಟೆಯೊಳಗೆ ತಿಳಿಸತಕ್ಕದ್ದು.
"ತಿಳಿಸಿದ್ನಲ್ರೀ. ನೀವು ಹೊಸಪೇಟಿ ಮದುವ್ಯಾಗ ಇದ್ರಿ."

ಆಮೇಲೆ ಹಜರತ್‌ಬಿ ಒಂದೇ ಒಂದು ಕೇಳಿದಳು.
"ಕರೆಂಟ್ ಹೋದಾಗ ಮಿಷಿನ್ ಮುಂದ ಕುಂತಿರತೀನಿ.
ಯಾವಾಗ ಬರತದೋ ಗೊತ್ತಿಲ್ಲ, ಎದ್ದು ಹೋಗಂಗಿಲ್ಲ,
ಪಡ್ಕೊಳ್ಳಂಗಿಲ್ಲ.
ಅದು ಕೆಲಸ ಹೌದೋ ಅಲ್ಲೋ?
ಅದನ್ನ ಎಲ್ಲಿ ಬರದೀರಿ?"
ತಸ್ಲೀಮಾ ಪುಟ ತಿರುವಿದಳು.
ಮತ್ತೆ ಮೊದಲಿಂದ ತಿರುವಿದಳು.
ಇಲ್ಲ ಅಮ್ಮೀ.

ಸಹಿಯ ಜಾಗಕ್ಕೆ ಬಲ ಹೆಬ್ಬೆಟ್ಟು ಬೇಕಿತ್ತು.
ಅದಕ್ಕೆ ಇನ್ನೂ ಬಿಳಿ ಪಟ್ಟಿ,
ಪಟ್ಟಿಯ ಅಂಚಿಗೆ ನಮ್ಮ ಬಟ್ಟೆಯ ನೀಲಿ.
ಶಾಯಿಯ ಡಬ್ಬಿ ಮುಚ್ಚಿ ಜೇಬಿಗೆ ಹಾಕಿಕೊಂಡೆ.

ವಕೀಲರು ಫೋನಿನಲ್ಲಿ ರೇಗಿದರು.
"ಹಂಗೆಲ್ಲ ಬರಕೊಟ್ರ ನಾಳೆ ಕತ್ತಲಿಗೂ ಕೂಲಿ ಕೇಳ್ತಾರ.
ತುಂಡಿನ ಲೆಕ್ಕ ತುಂಡಿಗೇ ಇರಲಿ."
ಆಸ್ಪತ್ರೆಯ ಬಿಲ್ಲು ಕೊಟ್ಟಿದ್ದೆನಲ್ಲ,
ಅದರ ರಸೀದಿಯ ಹಿಂದೆ
'ಮಾನವೀಯತೆಯ ನೆಲೆಯಲ್ಲಿ' ಎಂದು ಬರೆಸಿದರು.
ಇಲ್ಲದಿದ್ದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತದಂತೆ.
ದಯೆಗೆ ಇಂಥದೊಂದು ಉಪಯೋಗ ಇರುವುದು
ನನಗೆ ಗೊತ್ತಿರಲಿಲ್ಲ.

ರಾತ್ರಿ ಗಾಂಧಿನಗರದಲ್ಲಿ ಕರೆಂಟು ಹೋಯಿತು.
ಇನ್ವರ್ಟರ್ ಇದೆ; ಫ್ಯಾನು ಒಂದು ಸುತ್ತೂ ತಪ್ಪಲಿಲ್ಲ.
ಎದ್ದು ಹೋಗಿ ಅದನ್ನು ಆರಿಸಿದೆ.
"ಹುಚ್ಚು ಹಿಡೀತೇನ್ರೀ" ಅಂದಳು ಹೆಂಡತಿ, ಸೆರಗು ಬೀಸಿಕೊಳ್ಳುತ್ತಾ.
ಮೇ ತಿಂಗಳ ಬಳ್ಳಾರಿ, ಗೋಡೆಗಳಿಗೇ ಜ್ವರ.
ಕುಂತೆ.
ಎರಡು ಕೈ ಮುಂದೆ ಚಾಚಿಕೊಂಡು, ಬಟ್ಟೆ ಇಲ್ಲದೆ, ಸೂಜಿ ಇಲ್ಲದೆ.

ಬೆಳಕು ಬಂದಾಗ ಖಾತೆಪುಸ್ತಕ ತೆಗೆದು ಬರೆದೆ:
ಹಜರತ್‌ಬಿ, ನಲವತ್ತು ನಿಮಿಷ.
ಜಮೆಯ ಕಡೆ ಬರೆಯಲೋ ಖರ್ಚಿನ ಕಡೆಯೋ
ತಿಳಿಯದೆ,
ಎರಡರ ನಡುವಿನ ಕೆಂಪು ಗೆರೆಯ ಮೇಲೇ ಬರೆದಿದ್ದೇನೆ,
ಅಕ್ಷರ ಸಣ್ಣದು ಮಾಡಿ.