ನಲವತ್ತೊಂದು ಖಾಲಿ ತೋಟಾ

ತಮ್ಮ ಲಾರಿಯನ್ ಕೋವಿ ಮಾರಿಬಿಟ್ಟ,
ದೋಣಿಗೆ ಹೊಸ ಎಂಜಿನ್ ಬೇಕಿತ್ತಂತೆ.
ಎಂಜಿನ್ ಕೆಟ್ಟಿದ್ದು ನಿಜ. ಅದಷ್ಟೇ ನಿಜ ಅಂತ ನಾನು ಹೇಳಲಾರೆ.
ಕೊಂಡವನು ಆಂಕರೇಜಿನ ಒಬ್ಬ ಹಲ್ಲಿನ ಡಾಕ್ಟರು.
ಖಾಲಿ ತೋಟಾಗಳನ್ನು ಮಾತ್ರ ಕಾಫಿ ಡಬ್ಬದಲ್ಲಿ ತಂದು
'ಅಕ್ಕಾ, ನಿನ್ನದೂ ಮುನ್ನೂರ ಎಪ್ಪತ್ತೈದೇ ಅಲ್ಲವಾ, ಇಟ್ಟುಕೋ'
ಅಂದು ಹೋದ. ಕೂರಲಿಲ್ಲ.
ಎಣಿಸಿದೆ. ನಲವತ್ತೊಂದು.

ವಿನೆಗರಿನಲ್ಲಿ ತೊಳೆದು ಒಲೆಯ ಪಕ್ಕ
ಹಳೆ ಟವಲಿನ ಮೇಲೆ ನಿಲ್ಲಿಸಿದ್ದೇನೆ.
ಬುಡದ ಮೇಲೊಂದು ಪಟ್ಟಿ ಬಿಟ್ಟರೆ ಮೈಯೆಲ್ಲ ನುಣುಪು:
ಉಡಿದಾರ ಮಾತ್ರ ಉಟ್ಟು
ಮಿಂದು ನಿಂತ ಮಕ್ಕಳ ಹಾಗೆ.

ಹೊರಗೆ ಶೆಲಿಕಾಫ್ ಕಡೆಯ ಗಾಳಿ.
ರೇಡಿಯೋ ನಲವತ್ತು ನಾಟ್ ಅನ್ನುತ್ತಿದೆ,
ನಾಳೆ ಯಾರೂ ದೋಣಿ ಬಿಡುವುದಿಲ್ಲ.
ಈ ಕೆಲಸಕ್ಕೆ ಇಂಥ ರಾತ್ರಿಯೇ ಸರಿ.
ಚಹಾ ದೂರ ಇಟ್ಟೆ. ಬೆಕ್ಕನ್ನು ಆಚೆ ಕೋಣೆಗೆ ಹಾಕಿದೆ.

ಒಂದು ಕಾಳೂ ಬೆಳೆಯದ ದ್ವೀಪ ಇದು,
ಆದರೂ ಮದ್ದು ತೂಗುವುದು ಕಾಳಿನ ಲೆಕ್ಕದಲ್ಲಿ.
ಗ್ರೇನ್ ಅಂದರೆ ಕಾಳು ತಾನೇ,
ಯಾವ ಕಾಲದ ಯಾರ ಹೊಲದ ಜವೆಗೋಧಿಯೋ
ಬಂದು ನನ್ನ ತಕ್ಕಡಿಯಲ್ಲಿ ಕೂತಿದೆ.
ಮುಳ್ಳು ನಡುಗುತ್ತದೆ, ಉಸಿರು ಹಿಡಿದರೆ ನಿಲ್ಲುತ್ತದೆ.
ಕಡಿಮೆಯಾದರೆ ಜಿಂಕೆಗೆ ಅನ್ಯಾಯ,
ಹೆಚ್ಚಾದರೆ ನನ್ನ ಕಣ್ಣಿಗೆ.
ಮದ್ದು ಅನ್ನುವ ಮಾತೇ ಹಾಗೆ,
ಅಳತೆ ತಪ್ಪಿದರೆ ಯಾರ ಕಡೆ ತಿರುಗೀತೋ.

ಅರ್ಧಕ್ಕೆ ಹಗುರ ಗುಂಡು, ಗುಡ್ಡದಾಚೆಯ ಕರಿಬಾಲದ ಜಿಂಕೆಗೆ.
ಉಳಿದದ್ದಕ್ಕೆ ಭಾರದ್ದು,
ಜಿಂಕೆಗೆ ಹೊಡೆದ ಸದ್ದನ್ನೇ ಊಟದ ಗಂಟೆ ಅಂದುಕೊಂಡು
ಆಲ್ಡರ್ ಪೊದೆಯಿಂದ ಎದ್ದು ಬರುವವನಿಗೆ.
(ಅವನ ಹೆಸರನ್ನು ಮನೆಯೊಳಗೆ ಹೇಳಗೊಡುತ್ತಿರಲಿಲ್ಲ ಅಮ್ಮ.)
ಇಪ್ಪತ್ತಾರು ವರ್ಷ ಅವನಿಗೆಂದು ತುಂಬಿದ್ದೇನೆ,
ಹಾರಿಸಿದ್ದು ಒಂದೇ.
ಅದೂ ಗಾಬರಿಯಲ್ಲಿ ಆಕಾಶಕ್ಕೆ.

ನನ್ನವು ಮುಗಿದವು. ಈಗ ಅವನವು.
ಖಾಲಿಯದೊಂದನ್ನು ನನ್ನ ಕೋವಿಗೆ ಹಾಕಿ ನೋಡಿದೆ.
ಬೋಲ್ಟ್ ಮುಚ್ಚಲಿಲ್ಲ.
ಇನ್ನೊಂದು. ಅದೂ ಇಲ್ಲ,
ಕೂದಲೆಳೆಯಷ್ಟು ಉಳಿದುಬಿಡುತ್ತದೆ.

ಹಿತ್ತಾಳೆಯ ಬುದ್ಧಿ ಇದು. ಒಂದು ಸಲ ಬೆಂಕಿ ಕಂಡರೆ
ತಾನಿದ್ದ ಗೂಡಿನ ಗೋಡೆಗೆ ಹಿಗ್ಗಿ ಮೈಯೊತ್ತಿ
ಅದರ ಉಬ್ಬುತಗ್ಗನ್ನೆಲ್ಲ ತನ್ನದು ಮಾಡಿಕೊಂಡು
ಹಾಗೇ ತಣ್ಣಗಾಗುತ್ತದೆ.
ಆಮೇಲೆ ಬೇರೆ ಮನೆ ಒಗ್ಗುವುದಿಲ್ಲ.

ಅದಕ್ಕೂ ದಾರಿಯಿದೆ.
ಡೈಯೊಳಗೆ ಪೂರ್ತಿ ಇಳಿಸಿ ಹಿಡಿಕೆ ಒತ್ತಿದರೆ
ಭುಜ ಹಿಂದೆ ಸರಿಯುತ್ತದೆ,
ಅಂಗಡಿಯಿಂದ ತಂದ ದಿನದ ಹಾಗೆ
ಎಲ್ಲ ಮರೆತು ಹೊರಗೆ ಬರುತ್ತದೆ.
ಜಿಡ್ಡು ಸವರಿದೆ. ಕೂರಿಸಿದೆ. ಹಿಡಿಕೆಯ ಮೇಲೆ ಕೈ ಇಟ್ಟೆ.

ಇಟ್ಟ ಕೈ ಅಲ್ಲೇ ಇತ್ತು, ಎಷ್ಟೋ ಹೊತ್ತು.

ಅಂದು ಹಳ್ಳದಲ್ಲಿ ಹನ್ನೊಂದು ಹೆಜ್ಜೆ ದೂರ,
ನನ್ನ ಎರಡನೆಯ ತೋಟಾ ಕೈಜಾರಿ ಹಿಮಕ್ಕೆ ಬಿದ್ದಿತ್ತು.
ಬೆನ್ನ ಹಿಂದಿನಿಂದ ಲಾರಿಯನ್ನದು ಕೇಳಿಸಿತು.
ಒಂದೇ ಸಲ.
ಅವನ ಖಾಲಿ ತೋಟಾ ಚುಯ್ ಅಂತ ಹಿಮದಲ್ಲಿ ಇಳಿದದ್ದೂ ಕೇಳಿಸಿತು,
ಅಷ್ಟು ನಿಶ್ಶಬ್ದ ಆಮೇಲೆ.
ನಾನೇ ಹೆಕ್ಕಿ ಅವನ ಜೇಬಿಗೆ ಹಾಕಿದ್ದೆ.
ಅವನು ಪ್ರಾಣಿಯ ಪಕ್ಕ ಕೂತು ಅದರ ಕಿವಿಯ ಹಿಮ ಒರೆಸುತ್ತಿದ್ದ.
ಅಲ್ಲಿಂದಾಚೆಗೆ ಅವನಿಗೆ ಮೀನೇ ಸಾಕಾಯಿತು.

ಈ ನಲವತ್ತೊಂದರಲ್ಲಿ ಒಂದು ಅದು.
ಯಾವುದು? ಬಾಯಿದ್ದೂ ಹೇಳದ ಜಾತಿ.

ಒತ್ತಿದೆ.
ಒಂದಾದ ಮೇಲೆ ಒಂದು, ಹಿತ್ತಾಳೆಯೇನು ಪುಕ್ಕಟೆ ಬರುತ್ತದೆಯೇ.
ಮೂವತ್ತೆರಡನೆಯದರ ಕತ್ತು ಸೀಳಿತ್ತು, ಉಗುರಿಗೆ ಸಿಕ್ಕಿತು.
ಕೆಲಸಕ್ಕೆ ಬಾರದು. ಕಿಟಕಿಯ ಕಟ್ಟೆಯ ಮೇಲಿಟ್ಟೆ.
ಇದೇ ಇರಲಿ ಅದು ಅಂದುಕೊಂಡೆ,
ಯಾವುದಾದರೂ ಒಂದು ಆಗಿರಲೇಬೇಕಲ್ಲ.

ಚಿಕ್ಕಂದಿನಲ್ಲಿ ಅಪ್ಪನ ಖಾಲಿ ತೋಟಾದಲ್ಲಿ
ನಾವಿಬ್ಬರೂ ಸಿಳ್ಳೆ ಊದುತ್ತಿದ್ದೆವು.
ಇದನ್ನೂ ತುಟಿಗಿಟ್ಟು ನೋಡಿದೆ.
ಗಾಳಿಯಷ್ಟೇ ಬಂತು.
ಆಚೆ ಕೋಣೆಯಲ್ಲಿ ಬೆಕ್ಕು ಬಾಗಿಲು ಕೆರೆಯುತ್ತಿತ್ತು.