ಮೂರನೆಯ ಚಕ್ರ

ಇವತ್ತು ಒಲೆ ಹಚ್ಚುವಂತಿಲ್ಲ.
ಕ್ಯಾಂಟೀನಿನಲ್ಲಿ ಪರೀಕ್ಷೆ. ಪಾತ್ರೆ ಸದ್ದಾದರೆ
ಪ್ರಿನ್ಸಿಪಾಲರು ಬಾಗಿಲಿಗೆ ಬಂದು ತುಟಿಗೆ ಬೆರಳಿಡುತ್ತಾರೆ.
ಕಿಂಡಿಯ ಈಚೆ ಸ್ಟೂಲು ಹಾಕಿಕೊಂಡು
ಆಲೂಗಡ್ಡೆ ಸುಲಿಯುತ್ತಿದ್ದೇನೆ,
ಸಿಪ್ಪೆಗೂ ಕೇಳಿಸದ ಹಾಗೆ.

ಕಾಲೇಜಿನ ಪರೀಕ್ಷೆ ಹೋದ ಶನಿವಾರ, ಲೈಬ್ರರಿಯಲ್ಲಿ.
ಅದಕ್ಕೆ ಫೀಸು. ಹನ್ನೊಂದು ಮಕ್ಕಳು.
ಇದು ಸೈನ್ಯದವರದು, ಪುಕ್ಕಟೆ.
ಪುಕ್ಕಟೆಯಾದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ:
ಎಂಬತ್ತಮೂರು ತಲೆ, ಮೂರು ಗಂಟೆ,
ಗಣಿತದ ಪೀರಿಯಡ್ಡು ತಪ್ಪಿತೆಂಬ ಖುಷಿ ಬೇರೆ.

ಸಾರ್ಜೆಂಟ್ ಗೋಡೆಗೊರಗಿ ನಿಂತಿದ್ದಾನೆ, ಇಸ್ತ್ರಿ ಮುರಿಯದ ತೋಳು.
ಕೆಟ್ಟವನೇನಲ್ಲ. ಬೆಳಿಗ್ಗೆ ನನ್ನ ಬಿಸ್ಕತ್ತು ಎರಡು ತಿಂದು
ಮೂರನೆಯದನ್ನು ಕೇಳಲು ನಾಚಿಕೊಂಡ.
ಅವನ ಬೆನ್ನ ಹಿಂದಿನ ಕಿಟಕಿಯಲ್ಲಿ
ಕಲ್ಲಿದ್ದಲ ಬೆಲ್ಟು ಹಳ್ಳದ ಮೇಲೆ ನಿಂತಲ್ಲೇ ನಿಂತಿದೆ.
ಕೆಂಟಕಿಯ ಈ ಮೂಲೆಯಲ್ಲಿ
ಅದು ನಿಂತು ಆರು ವರ್ಷ.

ಕಿಂಡಿಯ ಪಕ್ಕದ ಮೇಜು ಓರ್ಲೀನ್ ಸ್ಟಿಡಮ್‌ಳದು.
ಜನವರಿಯಲ್ಲಿ ನಮ್ಮ ಹಿಟ್ಟು ನಾದುವ ಯಂತ್ರ ಕೆಟ್ಟಾಗ
ಮೊಣಕೈವರೆಗೆ ಒಳಗೆ ತೂರಿಸಿ
ಹಲ್ಲು ಸವೆದ ಚಕ್ರವೊಂದನ್ನು ನನ್ನ ಅಂಗೈಯಲ್ಲಿಟ್ಟು
"ಇವನೇ ನಿಮ್ಮ ಕಳ್ಳ" ಅಂದಿದ್ದಳು.

ಈಗ ಅವಳೆದುರು, ಕತ್ತು ಚಾಚಿದರೆ ನನಗೂ ಕಾಣುವ ಹಾಗೆ,
ಸಾಲಾಗಿ ಮೂರು ಚಕ್ರ, ಹಲ್ಲಿಗೆ ಹಲ್ಲು.
ಮೊದಲನೆಯದು ಬಲಕ್ಕೆ ತಿರುಗಿದರೆ
ಮೂರನೆಯದು ಯಾವ ಕಡೆ?

ನನಗೇ ಗೊತ್ತು, ಅರವತ್ತೊಂದರಲ್ಲಿ.
ಅವಳು ಬಲದ ಸೊನ್ನೆಯ ಮೇಲೆ ಪೆನ್ಸಿಲ್ ಹಿಡಿದಳು.
ಹಿಡಿದೇ ಇದ್ದಳು.
ಆಮೇಲೆ ಎಡದ್ದನ್ನು, ಅಂಚು ದಾಟದಂತೆ,
ನಿಧಾನಕ್ಕೆ ಕಪ್ಪು ಮಾಡಿದಳು.
ಮುಂದಿನದೂ ತಪ್ಪು. ಅದರ ಮುಂದಿನದೂ.
ಗೊತ್ತಿಲ್ಲದವರು ಹೀಗೆ ತಪ್ಪುವುದಿಲ್ಲ,
ಅವರದು ನಡುನಡುವೆ ಸರಿಯಾಗಿಬಿಡುತ್ತದೆ.

ಅವಳಣ್ಣ ವೆಂಡಲ್‌ಗೆ ಇದೇ ಮೇಜಲ್ಲಿ ತೊಂಬತ್ತೆರಡು ಬಂದಿತ್ತು.
ವಾರದೊಳಗೆ ಫೋನು. ಊಟಕ್ಕೆ ಕೂತಾಗ, ಚರ್ಚಿಗೆ ಹೊರಟಾಗ,
ಬುದ್ಧಿವಂತ, ಬುದ್ಧಿವಂತ ಎಂದು.
ಅದಕ್ಕೆ ಮುಂಚೆ ಅವನನ್ನು ಯಾರೂ
ಹಾಗೆ ಕರೆದಿರಲಿಲ್ಲ.
ಈಗ ಮನೆಯಲ್ಲೇ ಇದ್ದಾನೆ.
ಫೋನು ರಿಂಗಾದರೆ ಎದ್ದು ಹೋಗಿ
ನಿಂತ ಟ್ರಕ್ಕಿನೊಳಗೆ ಕೂತುಬಿಡುತ್ತಾನೆ.

ಸಾರ್ಜೆಂಟ್ ಸಾಲು ಹಿಡಿದು ಬಂದ.
ಅವಳ ಹಾಳೆಯ ಬಳಿ ನಿಂತ, ಬಗ್ಗಿದ.
ಆಗಲೇ ನನ್ನ ಕೈಯಿಂದ ಬಿತ್ತು ನೋಡಿ
ಸ್ಟೀಲಿನ ದೊಡ್ಡ ಟ್ರೇ, ಆಲೂಗಡ್ಡೆ ಸಮೇತ.

ಅವನೂ ತಿರುಗಿದ, ಪ್ರಿನ್ಸಿಪಾಲರೂ ಓಡಿ ಬಂದರು,
ಎಂಬತ್ತೆರಡು ತಲೆ ನನ್ನ ಕಡೆ.
ಒಂದು ಮಾತ್ರ ತಿರುಗಲಿಲ್ಲ.
ಅದು ಬಗ್ಗಿಸಿಕೊಂಡು ಇನ್ನೊಂದು ಸೊನ್ನೆ ತುಂಬುತ್ತಿತ್ತು.