ಬೆಡಗು

ಕಿಯಾಂಜಾ ಜೌಗಿನಲ್ಲಿ ನನ್ನ ಕೆಲಸ
ಬೇಡ ಎನ್ನುವುದು.
ಇಲ್ಲಿ ಅಗೆಯಬೇಡಿ, ಅಲ್ಲಿ ಸುರಿಯಬೇಡಿ,
ಆ ಜೊಂಡು ಏಪ್ರಿಲ್‌ವರೆಗೆ ಕೊಯ್ಯಬೇಡಿ.
ಕಿತ್ತಳೆ ಬಣ್ಣದ ಅಂಗಿ, ಮೊಣಕಾಲುದ್ದದ ಬೂಟು,
ರಟ್ಟಿಗೆ ಸಿಕ್ಕಿಸಿದ ನಾಲ್ಕು ಹಾಳೆಯ ಪಟ್ಟಿ.
ಕೂಲಿಯವರು ನನಗಿಟ್ಟ ಹೆಸರು
ಬೇಲಿ ಮೇಡಂ.

ಹೆದ್ದಾರಿ ಬರಲಿದೆ. ನಲವತ್ತೊಂದು ಕಂಬ.
ಹದಿನೇಳನೆಯ ಕಂಬದ ಜಾಗದಲ್ಲಿ
ಕಿರೀಟದ ಕೊಕ್ಕರೆ ಕಾವು ಕೂತಿತ್ತು.
ಮೂರು ಮೊಟ್ಟೆ, ತಿಳಿನೀಲಿ.
ನಕ್ಷೆಯಲ್ಲಿ ಅಲ್ಲಿದ್ದುದು ಕೆಂಪು ಶಾಯಿಯ ಕತ್ತರಿ ಗುರುತು ಮಾತ್ರ.
ಸುತ್ತ ನೂರೈವತ್ತು ಮೀಟರಿಗೆ ಹಗ್ಗ ಕಟ್ಟಿಸಿದೆ.
ಮೂವತ್ತು ದಿನ, ಅಂದೆ.
ಅಗೆಯುವ ಯಂತ್ರದ ಕಿಜ್ಜಾನಿಗೆ ಅದು
ಮೂವತ್ತು ದಿನದ ಕೂಲಿ.

ಅವನು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.
ಯಂತ್ರದ ನೆರಳಲ್ಲಿ ಕೂತು
ಹಲಸಿನ ತೊಳೆ ಬಿಡಿಸುತ್ತ ಲೆಕ್ಕ ಒಪ್ಪಿಸಿದ:
ಮಗಳ ಶಾಲೆಗೆ ಇಷ್ಟು, ಬಾಡಿಗೆಗೆ ಇಷ್ಟು,
ತಮ್ಮನ ಬೈಕಿನ ಕಂತಿಗೆ ಇಷ್ಟು.
"ಹಕ್ಕಿ ಕೂತರೆ ಮರಿಯಾಗುತ್ತದೆ ಮೇಡಂ,
ನಾನು ಕೂತರೆ ಏನಾಗುತ್ತದೆ?"

ನಾನು ಉತ್ತರದ ಸೀಮೆಯವಳು,
ಆದರೂ ಉತ್ತರವಿರಲಿಲ್ಲ.
ಅವನ ಭಾಷೆ ನನ್ನ ನಾಲಿಗೆಯಲ್ಲಿ ಇನ್ನೂ ಬಾಡಿಗೆಗಿದೆ.
ಹೆಸರು ಕೇಳಿದ.
ಅಕೆಲೊ, ಅಂದೆ. ಅವಳಿಗಳ ಬೆನ್ನಿಗೆ ಹುಟ್ಟಿದವಳು ಅಂತ ಅರ್ಥ.
ಬೀಜ ಉಗಿದು ನಕ್ಕ:
ನಮ್ಮಲ್ಲಿ ಅದನ್ನೇ ಕಿಜ್ಜಾ ಅನ್ನುತ್ತೇವೆ.
ಅಲ್ಲಿಗೆ ಇಬ್ಬರೂ ಸಂಭ್ರಮ ಮುಗಿದ ಮೇಲೆ ಬಂದವರು,
ಇಬ್ಬರು ಕೂಸುಗಳು ಸವೆಸಿದ ಬಟ್ಟೆಯಲ್ಲಿ
ಅವ್ವನ ಬೆನ್ನೇರಿದವರು.

ಹನ್ನೆರಡನೆಯ ದಿನ, ಹಗ್ಗದಾಚೆ,
ಜನವರಿಯ ಬಿಸಿಲಿಗೆ ಬಿರಿದ ಅಂಚಿನಲ್ಲಿ
ಕೆಲಸ ಶುರುವಾಯಿತು. ಅನುಮತಿ ನನ್ನದೇ, ಸಹಿ ನನ್ನದೇ.
ಬಕೆಟ್ಟಿನ ಹಲ್ಲು ನೆಲಕ್ಕಿಳಿದು ಮೇಲೆದ್ದಾಗ
ಹೆಂಟೆಯೊಂದು ಸೀಳಿ ಬಿತ್ತು.
ಒಳಗೆ ಒಣಗಿದ ಲೋಳೆಯ ಚೀಲ,
ಈರುಳ್ಳಿ ಸಿಪ್ಪೆಯಷ್ಟು ತೆಳು.
ಅದರೊಳಗೆ ಮೀನು,
ಬಾಲವನ್ನು ಕಣ್ಣಿನ ಮೇಲೆ ಹೊದ್ದು,
ನೀರಿನ ಹಂಗಿಲ್ಲದೆ ಉಸಿರಾಡುತ್ತ.

ಯಾರೂ ಸೀಟಿ ಊದಿರಲಿಲ್ಲ.
ಕಿಜ್ಜಾ ಯಂತ್ರ ಆರಿಸಿದ.
ಇಳಿದು ಬಂದ, ಟೋಪಿ ತೆಗೆದ.
"ಎಮ್ಮಾಂಬಾ," ಅಂದ. "ನಮ್ಮ ಕುಲದ ಬೆಡಗು.
ತಿನ್ನುವುದಿಲ್ಲ, ಕೊಲ್ಲುವುದಿಲ್ಲ. ಅಜ್ಜನ ಅಜ್ಜ."
ದಿನಕ್ಕೆ ಮುನ್ನೂರು ಟನ್ ಎತ್ತುವವನು
ಎರಡೂ ಅಂಗೈ ಜೋಡಿಸಿ
ಅದನ್ನು ಜೊಂಡಿನ ಬುಡದ ನೀರಿಗೆ ಹೊತ್ತು ನಡೆದ,
ತುಂಬಿದ ಬಟ್ಟಲು ಹಿಡಿದವನ ಹಾಗೆ.

ಪಟ್ಟಿ ತಿರುವಿದೆ.
ಹಕ್ಕಿ ಇಪ್ಪತ್ತೆರಡು, ಕಪ್ಪೆ ಆರು,
ಜೌಗಿನ ಜಿಂಕೆ ಒಂದು, ಅದೂ ಬರೀ ಹೆಜ್ಜೆಗುರುತು.
ಮೀನಿನ ಸಾಲಿನಲ್ಲಿ: ಈ ಅಂಚಿನಲ್ಲಿ ನೀರಿಲ್ಲ, ಅನ್ವಯಿಸುವುದಿಲ್ಲ.
ಬರೆದವಳು ನಾನೇ.

"ಕೆಳಗೆ ಎಷ್ಟಿವೆ?"
ಅವನು ಬಗ್ಗಿ ನೆಲದಲ್ಲೊಂದು ತೂತು ತೋರಿಸಿದ,
ಬೆರಳಿನಷ್ಟು ಅಗಲ.
ಉಸಿರಿನ ದಾರಿ, ಅಂದ.
ಆಮೇಲೆ ಇನ್ನೊಂದು. ಆ ಬೂಟಿನ ಪಕ್ಕ ಇನ್ನೊಂದು.
ಹನ್ನೊಂದು ತಿಂಗಳು ನಾನು ಕಾವಲು ನಡೆದದ್ದು
ನಿದ್ದೆ ಹೋದವರ ಮೂಗಿನ ಮೇಲೆ.

ಸಂಜೆ ಕಂಪನಿಯ ಫೋನು.
ಅಲ್ಲಿ ಹಕ್ಕಿ ಇಲ್ಲವಲ್ಲ, ಯಂತ್ರ ಯಾಕೆ ನಿಂತಿದೆ?
ಕಾರಣ ಎಂಬ ಖಾನೆ ಎರಡು ಇಂಚಿನದು,
ಅಜ್ಜನ ಅಜ್ಜ ಅದರಲ್ಲಿ ಹಿಡಿಸುವುದಿಲ್ಲ.
ಮಲಗಿವೆ, ಎಂದು ಬರೆದೆ.
ತಡೆದು, ಹೊಡೆದು ಹಾಕಿ,
ಮಲಗಿದ್ದಾರೆ, ಎಂದೆ.
ಎಲ್ಲಿಯವರೆಗೆ? ಮಳೆ ಬರುವವರೆಗೆ.

ಕಿಜ್ಜಾ ಆಗಲೇ ಉಳಿದ ಹಗ್ಗ ಬಿಚ್ಚಿಕೊಂಡು
ಗೂಟ ಹೊಡೆಯುತ್ತಿದ್ದ, ತೂತು ತಪ್ಪಿಸಿ, ತೂತು ತಪ್ಪಿಸಿ.
"ನಿನ್ನ ಕೂಲಿಯ ಲೆಕ್ಕ?" ಎಂದೆ.
ತಲೆ ಎತ್ತಲಿಲ್ಲ.
"ನಾಳೆ ಬಯ್ಯುತ್ತೇನೆ ಮೇಡಂ,
ಆ ತುದಿ ಹಿಡಿ."